ಕುಂಟು ಕೋಳಿಯ ನಲವತ್ತೆರಡು ದಿನ

ಮಾರ್ಚ್ ಎರಡು, ಭಾನುವಾರ. ಸೊಂಟದ ಶಸ್ತ್ರಚಿಕಿತ್ಸೆಗೆ ಹೊರಡುವ ಹಿಂದಿನ ದಿನ ಪಕ್ಕದ ಮನೆಯಾಕೆ ನನ್ನನ್ನು ಹಲಗೆಬೇಲಿಯ ಹತ್ತಿರ ಕರೆದು ತಮ್ಮ ಹಿತ್ತಲ ಬಾಗಿಲಿನ ಕೀಲಿಕೈ ಕೊಟ್ಟರು. ಆಕೆಗೆ ಎಪ್ಪತ್ತೆಂಟು ವರ್ಷ, ಒಬ್ಬರೇ ಇರುತ್ತಾರೆ. ಆಸ್ಪತ್ರೆಯಲ್ಲಿ ಕೆಲವು ದಿನ, ಆಮೇಲೆ ಮತ್ತೆ ನಡಿಗೆ ಕಲಿಸುವ ಆರೈಕೆ ಕೇಂದ್ರದಲ್ಲಿ ಕೆಲವು ವಾರ, ಒಟ್ಟು ಆರು ವಾರ ಮನೆಯಲ್ಲಿರುವುದಿಲ್ಲ ಎಂದರು. ಅಷ್ಟು ದಿನ ಆಕೆಯ ನಾಲ್ಕು ಕೋಳಿಗಳನ್ನು ನಾನು ನೋಡಿಕೊಳ್ಳಬೇಕಿತ್ತು. ಅವುಗಳಲ್ಲಿ ಮೂರು ಎಳೆಯವು, ಕಂದು ಬಣ್ಣದವು. ನಾಲ್ಕನೆಯದಕ್ಕೆ ಒಂಬತ್ತು ವರ್ಷ. ಕಪ್ಪು ಗರಿಯ ಮೇಲೆ ಬಿಳಿ ಚುಕ್ಕೆ, ಬಲಗಾಲು ಕುಂಟು. ಮೊಟ್ಟೆಯಿಡುವುದನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು. ಅದು ಚಿಪ್ಪೊಡೆದು ಹೊರಬಂದದ್ದು ಆಕೆಯ ಅಡುಗೆಮನೆಯ ಮೇಜಿನ ಮೇಲೆ, ಆಕೆಯ ಕಣ್ಣೆದುರಿಗೆ.

ಬೇಲಿಯ ಹತ್ತಿರ ಆಕೆ ಎರಡು ಮಾತು ಹೇಳಿದರು.

"ನಾನು ವಾಪಸು ಬರುವವರೆಗೆ ಅವಳಿರಲಿ. ಇನ್ನೊಂದು ಸಲ ನೋಡಬೇಕು ನಾನು ಅವಳನ್ನು."

ಎರಡನೆಯ ಮಾತು, "ಆದರೆ ನೋವು ಜಾಸ್ತಿಯಾದರೆ ನನಗೋಸ್ಕರ ಕಾಯಬೇಡ. ಫೋನ್ ಮಾಡು. ಅವಳನ್ನು ಮುಗಿಸುವವರನ್ನು ನಾನೇ ಕಳಿಸುತ್ತೇನೆ."

ಎರಡನ್ನೂ ಡಚ್ಚಿನಲ್ಲೇ ಹೇಳಿದರು. ಆಕೆ ನನ್ನ ಜೊತೆ ಬೇರೆ ಭಾಷೆ ಆಡುತ್ತಿರಲಿಲ್ಲ. ನೀನು ಇಲ್ಲಿ ಓದುತ್ತಿದ್ದೀಯ, ಕಲಿ ಎನ್ನುತ್ತಿದ್ದರು. ನಾನು ಹಿಂದಿನ ಶರತ್ಕಾಲದಲ್ಲಿ ಡಚ್ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಆಕೆ ಹೇಳಿದ ಒಂದೊಂದು ಪದವೂ ಅರ್ಥವಾಗಿತ್ತು. ಅವತ್ತು ಸಂಜೆ ಡೈರಿಯಲ್ಲಿ ಮೊದಲನೆಯ ಮಾತನ್ನು ಮಾತ್ರ ಬರೆದೆ.

ನಾನಿರುವುದು ನೈಮೆಗನ್ ಎಂಬ ಡಚ್ ಊರಿನಲ್ಲಿ, ಅಕ್ಕ ಭಾವನ ಮನೆಯ ಮಹಡಿಯ ಹಿಂದಿನ ಕೋಣೆಯಲ್ಲಿ. ವಿಶ್ವವಿದ್ಯಾಲಯಕ್ಕೆ ಸೈಕಲ್ಲಿನಲ್ಲಿ ಹದಿನಾಲ್ಕು ನಿಮಿಷ. ನನ್ನ ಕಿಟಕಿಯಿಂದ ನಮ್ಮ ಹಿತ್ತಲೂ ಕಾಣುತ್ತದೆ, ಪಕ್ಕದ ಹಿತ್ತಲೂ ಕಾಣುತ್ತದೆ. ಆ ವಸಂತದಲ್ಲಿ ಅಕ್ಕನ ಅತ್ತೆ ಮಂಡ್ಯದ ಕಡೆಯ ಹಳ್ಳಿಯಿಂದ ಮೂರು ತಿಂಗಳಿಗೆಂದು ಬಂದಿದ್ದರು. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಅಕ್ಕ ಮದುವೆಯಾದದ್ದು ತಾನು ಮೆಚ್ಚಿದವನನ್ನು. ಮೈಸೂರಿನ ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಅವರ ಮನೆಯಲ್ಲಿ ಹಬ್ಬವೆಂದರೆ ಬಾಡೂಟ. ಅಕ್ಕ ಎರಡಕ್ಕೂ ಹೊಂದಿಕೊಂಡಿದ್ದಳು. ನಾನು ಹೊಂದಿಕೊಂಡಿರಲಿಲ್ಲ. ಅತ್ತೆ ಸೀರೆಯ ಮೇಲೆ ಮಗನ ಸ್ವೆಟರ್ ಹಾಕಿಕೊಂಡು, ಕಾಲಿಗೆ ಎರಡೆರಡು ಜೊತೆ ಕಾಲುಚೀಲ ಏರಿಸಿಕೊಂಡು, ಎಲೆ ಸಿಗದ ದೇಶದಲ್ಲಿ ಬರೀ ಅಡಿಕೆಗೆ ಸುಣ್ಣ ಸವರಿ ಅಗಿಯುತ್ತಾ ಹಿತ್ತಲಲ್ಲಿ ಕೂರುತ್ತಿದ್ದರು. ನಾನು ಅವರ ಎದುರು ಊಟಕ್ಕೆ ಕೂರುವುದನ್ನು ಅವರು ಬಂದ ವಾರದಲ್ಲೇ ಬಿಟ್ಟಿದ್ದೆ. ಅದು ಅವರಿಗೂ ಗೊತ್ತಿತ್ತು.

ಮೂರನೆಯ ದಿನ ಅವರು ಬೇಲಿಯ ಮೇಲಿಂದ ಇಣುಕಿ ಆ ಕೋಳಿಯನ್ನು ಅರ್ಧ ನಿಮಿಷ ನೋಡಿದರು.

"ಏನಮ್ಮಿ, ಆ ಚುಕ್ಕೆ ಕೋಳಿ ಮುಗೀತು ಕಣಮ್ಮಿ."

"ಕುಂಟು ಅಷ್ಟೇ ಅತ್ತೆ. ವಯಸ್ಸಾಗಿದೆ."

"ನಲವತ್ ವರ್ಸ ಕೋಳಿ ಸಾಕಿವ್ನಿ. ಅದು ಕಾಲು ಎತ್ತಿ ಮಡಗೋದ್ ನೋಡು. ಒಳಗೆ ಕೀವು ಕಟ್ಟದೆ. ಇವತ್ತೋ ನಾಳೆಯೋ ಕತ್ತು ತಿರುವಿ ಬುಡು. ಅದುಕ್ಕೂ ಪುಣ್ಯ, ನಿಂಗೂ ಪುಣ್ಯ."

"ಆರು ವಾರ ಇರತ್ತೆ ಅದು. ನೀವೇ ನೋಡ್ತೀರ."

"ಬಾಜಿ ಕಟ್ತೀಯೇನಮ್ಮಿ?" ಎಂದು ನಕ್ಕು ಅಡಿಕೆ ಉಗಿದರು.

ನಾನು ನಗಲಿಲ್ಲ. ಡೈರಿಯ ಹೊಸ ಪುಟದಲ್ಲಿ ಗೆರೆ ಎಳೆದು ಅಂಕಣ ಮಾಡಿದೆ: ತಾರೀಖು, ತೂಕ, ತಿಂದದ್ದು, ಕುಡಿದದ್ದು, ನಡೆದ ಹೆಜ್ಜೆ, ಹಿಕ್ಕೆ. ಮೊದಲ ತೂಕ ಒಂದು ಕಿಲೋ ಆರುನೂರ ನಲವತ್ತು ಗ್ರಾಂ. ತೂಗಿದ್ದು ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ, ಮೇಲೊಂದು ಪ್ಲಾಸ್ಟಿಕ್ ಬುಟ್ಟಿ ಇಟ್ಟು. ಆಗ ಅಕ್ಕ ಬಂದಳು.

"ಲೇ! ಚಪಾತಿ ಹಿಟ್ಟು ತೂಗೋ ಸ್ಕೇಲ್ ಮೇಲೆ ಕೋಳಿ ಕೂರಿಸ್ತಿದ್ದೀಯಲ್ಲೇ. ಮೊಟ್ಟೆ ಮುಟ್ಟಲ್ಲ, ಕೋಳೀನ ಅಡುಗೆಮನೆಗೆ ತರ್ತೀಯ. ಯಾವ ಮಡಿಯೇ ನಿಂದು?"

"ತೊಳೆದಿಡ್ತೀನಿ."

"ಬೇಡ, ನೀನೇ ಇಟ್ಕೋ ಅದನ್ನ. ನಾನು ಬೇರೆ ತಗೋತೀನಿ."

ಆರನೆಯ ದಿನ ಕೋಳಿಗೆ ಗೂಡಿನೊಳಗಿನ ಕೋಲಿನ ಮೇಲೆ ಹಾರಿ ಕೂರಲು ಆಗಲಿಲ್ಲ. ಮೂರು ಸಲ ಹಾರಿ ಮೂರು ಸಲವೂ ಬಿತ್ತು. ಕಂದು ಕೋಳಿಗಳಲ್ಲಿ ಒಂದು ಬಂದು ಅದರ ತಲೆಗೆ ಕುಕ್ಕಿ ಹೋಯಿತು. ನಾನು ಅದನ್ನು ಎತ್ತಿಕೊಂಡು ಪಕ್ಕದಮನೆಯಾಕೆಯ ಹಿತ್ತಲ ಶೆಡ್ಡಿನಲ್ಲಿ, ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹುಲ್ಲು ಹಾಸಿ ಇಟ್ಟೆ. ಗುಂಪಿನಿಂದ ತೆಗೆದ ಕೋಳಿಯನ್ನು ಉಳಿದವು ಕೆಲವೇ ದಿನಗಳಲ್ಲಿ ಮರೆತು ಪರಕೀಯವೆಂದುಕೊಳ್ಳುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಬೇಲಿಯ ಆಚೆಗೇ ಇದ್ದರು. ನಾನು ಕೇಳಲಿಲ್ಲ.

ಅವತ್ತು ಮಧ್ಯಾಹ್ನ ಅತ್ತೆ ತಾವಾಗಿಯೇ ಶೆಡ್ಡಿಗೆ ಬಂದರು. ಕೋಳಿಯನ್ನು ಕಂಕುಳಲ್ಲಿ ಅಮುಕಿಕೊಂಡು ಪಾದ ತಿರುಗಿಸಿ ತೋರಿಸಿದರು. ಅಂಗಾಲಿನ ನಡುವೆ ಕಡಲೆಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತಲೂ ಕೆಂಪಾಗಿ ಊದಿತ್ತು. ಅವರು ಹೆಬ್ಬೆರಳಿಂದ ಒತ್ತಿದಾಗ ಕೋಳಿ ಕೂಗಲಿಲ್ಲ, ಕಣ್ಣು ಮುಚ್ಚಿಕೊಂಡಿತು.

"ನೋಡ್ದಾ? ಇದು ಎಳೇ ಕೋಳಿಗಾದ್ರೆ ಕುಯ್ದು ಕೀವು ತೆಗೀಬೋದು. ಮುದಿ ಕೋಳಿ ತಡ್ಕಳ್ಳಲ್ಲ. ಕೊಡಿಲ್ಲಿ, ನಾನೇ ಮುಗಿಸ್ತೀನಿ. ನೀನು ಆ ಕಡೆ ತಿರುಕ್ಕೋ."

ನಾನು ಕೋಳಿಯನ್ನು ಅವರ ಕೈಯಿಂದ ಕಿತ್ತುಕೊಂಡೆ.

"ನಿಮ್ಮನೇಲಿ ಕಾಯಿಲೆ ಬಿದ್ದೋರನ್ನೆಲ್ಲ ಹೀಗೇ ಮುಗಿಸ್ತೀರಾ ಅತ್ತೆ?"

ಅತ್ತೆಯ ಗಂಡ ಎರಡು ವರ್ಷ ಹಾಸಿಗೆ ಹಿಡಿದು ಸತ್ತವರು. ಅವರನ್ನು ಎತ್ತಿ, ತೊಳೆದು, ಉಣ್ಣಿಸಿದ್ದು ಅತ್ತೆ ಒಬ್ಬರೇ. ನನಗದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅತ್ತೆ ಕೈಗಂಟಿದ ಹುಲ್ಲನ್ನು ಸೆರಗಿಗೆ ಒರೆಸಿಕೊಂಡರು.

"ಇನ್ನು ಈ ಕಡೆ ಬರಬೇಡಿ. ಕೋಳಿ ಗೂಡಿನ ಹತ್ರಾನೂ ಬೇಡ," ಎಂದೆ.

"ಆಯ್ತು ಕಣವ್ವ," ಎಂದು ಹೊರಟುಹೋದರು.

ಆ ದಿನದ ಪುಟದಲ್ಲಿ ತೂಕ ಒಂದು ಕಿಲೋ ಐನೂರ ತೊಂಬತ್ತು, ಹೆಜ್ಜೆ ಹನ್ನೊಂದು ಎಂದಿದೆ. ಅತ್ತೆಯ ವಿಷಯ ಏನೂ ಇಲ್ಲ.

ಅಲ್ಲಿಂದ ನನ್ನ ದಿನಚರಿಯಲ್ಲಿ ತಪ್ಪುಗಳಿರಲಿಲ್ಲ. ಬೆಳಿಗ್ಗೆ ಏಳಕ್ಕೆ ತೂಕ. ಏಳೂಕಾಲಿಗೆ ಬಿಸಿನೀರಿನಲ್ಲಿ ಉಪ್ಪು ಹಾಕಿ ಪಾದ ನೆನೆಸುವುದು, ಹತ್ತು ನಿಮಿಷ. ನೆನೆಸುವಾಗ ಅದು ಒದ್ದಾಡದಂತೆ ಟವಲಿನಲ್ಲಿ ಬಿಗಿಯಾಗಿ ಸುತ್ತುತ್ತಿದ್ದೆ. ಆಮೇಲೆ ಪಾದದ ಸುತ್ತಳತೆಯನ್ನು ದಾರದಿಂದ ಅಳೆಯುವುದು. ಆಮೇಲೆ ನಡಿಗೆ: ಶೆಡ್ಡಿನ ಒಂದು ತುದಿಯಲ್ಲಿ ಕೋಳಿ, ಇನ್ನೊಂದು ತುದಿಯಲ್ಲಿ ಬಟ್ಟಲು. ಅದು ಬಟ್ಟಲಿನವರೆಗೆ ನಡೆದು ಬಂದರೆ ಮಾತ್ರ ತಿಂಡಿ. ವ್ಯಾಯಾಮವಿಲ್ಲದಿದ್ದರೆ ಸ್ನಾಯು ಸೊರಗುತ್ತದೆ ಎಂದು ಓದಿದ್ದೆ. ಅರ್ಧ ದಾರಿಯಲ್ಲಿ ಕುಸಿದು ಕೂತರೆ ಮೊದಲ ಜಾಗಕ್ಕೇ ಎತ್ತಿಟ್ಟು ಮತ್ತೆ ನಡೆಸುತ್ತಿದ್ದೆ. ಒಂಬತ್ತನೆಯ ದಿನ ಹೀಗೆ ಐದು ಸಲ ಎತ್ತಿಟ್ಟಿದ್ದೇನೆ. ಐದನೆಯ ಸಲಕ್ಕೆ ಬಟ್ಟಲು ಮುಟ್ಟಿತು. ಪುಟದ ಅಂಚಿನಲ್ಲಿ 'ಪ್ರಗತಿ' ಎಂದು ಬರೆದಿದ್ದೇನೆ.

ಬಟ್ಟಲಲ್ಲಿ ಇರುತ್ತಿದ್ದುದು ಅನ್ನ, ಬೇಯಿಸಿದ ತೊಗರಿಬೇಳೆ, ಒಂದು ಚಮಚ ಮೊಸರು. ಪಕ್ಕದಮನೆಯಾಕೆ ಆ ಕೋಳಿಗೆಂದೇ ಒಣಗಿಸಿದ ಹುಳುಗಳ ಡಬ್ಬಿ ಬಿಟ್ಟುಹೋಗಿದ್ದರು, ದಿನಕ್ಕೆ ಎರಡು ಹಿಡಿ, ಮುದುಕಿಗೆ ಶಕ್ತಿ ಬೇಕು ಎಂದು ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದರು. ನಾನು ಆ ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದೆ. ಹುಳುವನ್ನು ಕೈಯಲ್ಲಿ ಮುಟ್ಟಲು ನನ್ನಿಂದ ಆಗಲಿಲ್ಲ. ಅನ್ನ ಬೇಳೆಯೇ ಒಳ್ಳೆಯದು, ಬೇಗ ಜೀರ್ಣವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತೂಕ ದಿನಾ ಹತ್ತು ಹದಿನೈದು ಗ್ರಾಂ ಇಳಿಯುತ್ತಿತ್ತು. ಇಳಿದದ್ದನ್ನೂ ನೀಟಾಗಿ ಬರೆದೆ.

ಹನ್ನೊಂದನೆಯ ದಿನ ಅಕ್ಕನ ಕಾಟಕ್ಕೆ ಪಶುವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ವಯಸ್ಸು ಕೇಳಿದಳು, ಊತ ಎಷ್ಟಿದೆ ಎಂದು ಕೇಳಿದಳು. ಕರೆದುಕೊಂಡು ಬನ್ನಿ, ಡಾಕ್ಟರು ನೋಡುತ್ತಾರೆ, ಆದರೆ ಒಂಬತ್ತು ವರ್ಷದ ಕೋಳಿಯೆಂದರೆ ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವ ಸಲಹೆ ಬರಬಹುದು, ಅದಕ್ಕೆ ತಯಾರಿರಿ ಎಂದಳು. ನಾನು ಥ್ಯಾಂಕ್ಸ್ ಹೇಳಿ ಫೋನಿಟ್ಟೆ.

"ಏನಂದ್ರು?" ಎಂದು ಅಕ್ಕ ಕೇಳಿದಳು.

"ಉಪ್ಪುನೀರು ಮುಂದುವರಿಸಿ ಅಂದ್ರು."

ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಪಕ್ಕದಮನೆಯಾಕೆಗೆ ಫೋನ್ ಮಾಡುತ್ತಿದ್ದೆ. ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ನಾನು ಡೈರಿ ತೆರೆದು ಓದುತ್ತಿದ್ದೆ: ಇಷ್ಟು ಗ್ರಾಂ ತಿಂದಳು, ಇಷ್ಟು ಕುಡಿದಳು, ಇಷ್ಟು ಹೆಜ್ಜೆ. ಆಕೆ ಆ ಕಡೆಯಿಂದ 'ಒಳ್ಳೆಯದು, ಒಳ್ಳೆಯದು' ಎನ್ನುತ್ತಿದ್ದರು. ಓದಿದ ಅಂಕಿಗಳಲ್ಲಿ ಒಂದೂ ಸುಳ್ಳಿರಲಿಲ್ಲ. ತೂಕದ ಅಂಕಣವನ್ನು ಓದುತ್ತಿರಲಿಲ್ಲ, ಅಷ್ಟೇ. ಒಂದು ಭಾನುವಾರ ಆಕೆ, "ನನ್ನ ವಾರ್ಡಿನಲ್ಲಿ ಎಲ್ಲರಿಗೂ ನಿನ್ನ ವಿಷಯ ಹೇಳಿದ್ದೇನೆ. ನನ್ನ ಕೋಳಿಗೆ ನನಗಿಂತ ಒಳ್ಳೆಯ ನರ್ಸ್ ಸಿಕ್ಕಿದ್ದಾಳೆ ಅಂತ," ಎಂದರು. ಅದನ್ನು ಡೈರಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೆದಿದ್ದೇನೆ.

ಇಪ್ಪತ್ತೊಂದನೆಯ ದಿನ ಮೈಸೂರಿಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮನಿಗೆ ಕೋಳಿಯ ಕಾಲು ಊದಿದ್ದನ್ನು ಹೇಳಿದೆ. ಕೀವಿನ ಮಾತು ಎತ್ತಲಿಲ್ಲ, ಕೋಲಿನಿಂದ ಬಿದ್ದು ಉಳುಕಿದೆ ಎಂದೆ. ಅಮ್ಮನಿಗೆ ಕೋಳಿಯೆಂದರೆ ಅಸಹ್ಯ, ಆದರೆ ಕಾಲು ಉಳುಕಿದ ಜೀವ ಎಂದರೆ ಕರಗುತ್ತಾಳೆ.

"ಪಾಪ, ಮೂಕಪ್ರಾಣಿ. ಅರಿಶಿನ ಸುಣ್ಣ ಕಲಸಿ ಬಿಸಿ ಮಾಡಿ ಪಟ್ಟು ಹಾಕು ಪುಟ್ಟಿ. ನೀನು ಸೈಕಲ್ಲಿಂದ ಬಿದ್ದಾಗ ಹಾಕಿರ್ಲಿಲ್ವಾ? ಮೂರೇ ದಿನಕ್ಕೆ ಇಳೀತು."

ಅರಿಶಿನ ಅಡುಗೆಮನೆಯಲ್ಲಿತ್ತು. ಸುಣ್ಣ ಇದ್ದದ್ದು ಒಂದೇ ಕಡೆ, ಅತ್ತೆಯ ಅಡಿಕೆ ಚೀಲದ ಒಳಗಿನ ಪುಟ್ಟ ಡಬ್ಬಿಯಲ್ಲಿ. ಆರನೆಯ ದಿನದಿಂದ ನಾವು ಮಾತು ಬಿಟ್ಟಿದ್ದೆವು. ಕೇಳಿದ್ದರೆ ಯಾಕೆ ಎನ್ನುತ್ತಿದ್ದರು. ಯಾಕೆಂದು ಹೇಳಿದ್ದರೆ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ಚಮಚದ ಹಿಡಿಯಿಂದ ಡಬ್ಬಿಯಲ್ಲಿದ್ದುದನ್ನು ಅರ್ಧಕ್ಕರ್ಧ ಕೆದಕಿಕೊಂಡೆ. ಅರಿಶಿನಕ್ಕೆ ಸುಣ್ಣ ಸೇರಿದೊಡನೆ ಅದು ರಕ್ತದ ಹಾಗೆ ಕೆಂಪಾಗುತ್ತದೆ. ಆರತಿ ತಟ್ಟೆಯಲ್ಲಿ ಚಿಕ್ಕಂದಿನಿಂದ ನೋಡಿದ ಬಣ್ಣ. ನನಗದು ಶುಭದ ಬಣ್ಣವಾಗಿಯೇ ಕಂಡಿತು. ನಾಲ್ಕು ದಿನ, ದಿನಕ್ಕೆ ಎರಡು ಸಲ, ಪಾದಕ್ಕೂ ಮೊಣಕಾಲಿನವರೆಗೂ ಬೆಚ್ಚಗೆ ಮೆತ್ತಿದೆ. ದಾರದ ಅಳತೆಯಲ್ಲಿ ಊತ ಮೂರು ಮಿಲಿಮೀಟರು ಇಳಿದಿತ್ತು. ಇಪ್ಪತ್ತೈದನೆಯ ದಿನ ಅದನ್ನು ಗುಂಪಿಗೆ ಬಿಡಬಹುದೆಂದು ತೀರ್ಮಾನಿಸಿದೆ. ಪಕ್ಕದಮನೆಯಾಕೆ ಬಂದಾಗ ಅದು ಶೆಡ್ಡಿನ ಪೆಟ್ಟಿಗೆಯಲ್ಲಿ ಇರಬಾರದು, ಎಲ್ಲ ಕೋಳಿಗಳ ನಡುವೆ ಓಡಾಡಿಕೊಂಡಿರಬೇಕು, ಅದನ್ನು ಅತ್ತೆ ಬೇಲಿಯ ಮೇಲಿಂದ ನೋಡಬೇಕು. ಆಗ ನನಗೆ ಬೇಕಿದ್ದುದು ಅದು.

ಮಾರ್ಚ್ ಇಪ್ಪತ್ತಾರು, ಬುಧವಾರ, ಬೆಳಿಗ್ಗೆ ಎಂಟು. ಸಂಜೆಯವರೆಗೆ ನಿಲ್ಲಲೆಂದು ದಪ್ಪಗೆ ಹೊಸ ಪಟ್ಟು ಹಾಕಿ, ಗೂಡಿನ ಮುಂದಿನ ಜಾಲರಿಯ ಅಂಗಳಕ್ಕೆ ಬಿಟ್ಟೆ. ಕಂದು ಕೋಳಿಗಳು ಮೂರೂ ಕೆದರುವುದನ್ನು ನಿಲ್ಲಿಸಿ ತಲೆ ಓರೆ ಮಾಡಿ ಅದರ ಕಾಲನ್ನೇ ನೋಡಿದವು. ಒಂದು ಬಂದು ಕುಕ್ಕಿತು. ಆಮೇಲೆ ಇನ್ನೊಂದು. ನಾನು ಗೂಡಿನ ಜಾಲರಿಯ ಹೊರಗೆ ನಿಂತು ಎಣಿಸಿದೆ. ಇಪ್ಪತ್ತು ನಿಮಿಷಕ್ಕೆ ಹದಿನಾಲ್ಕು ಕುಕ್ಕು. 'ಹೊಂದಾಣಿಕೆಯ ಅವಧಿ, ಸಹಜ' ಎಂದು ಬರೆದುಕೊಂಡು, ಒಂಬತ್ತು ಗಂಟೆಯ ತರಗತಿಗೆ ಸೈಕಲ್ ಹತ್ತಿದೆ.

ಮಧ್ಯಾಹ್ನ ಎರಡೂವರೆಗೆ ಮರಳಿದಾಗ ಅತ್ತೆ ಪಕ್ಕದ ಹಿತ್ತಲಲ್ಲಿ, ಗೂಡಿನ ಮುಂದೆ, ತಲೆಕೆಳಗಾಗಿ ಕವುಚಿದ ಬಟ್ಟೆಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಪೊರಕೆ. ಬುಟ್ಟಿಯ ಕೆಳಗೆ ಕೋಳಿ. ಬಲಗಾಲಿನ ಎರಡು ಬೆರಳು ಇರಲಿಲ್ಲ. ಮೊಣಕಾಲಿನ ಕೆಳಗೆ ಚರ್ಮ ಸುಲಿದು ಎಲುಬು ಕಾಣುತ್ತಿತ್ತು. ಬಾಲದ ಬುಡದಲ್ಲಿ ಗರಿಗಳಿರಲಿಲ್ಲ, ಬೊಗಸೆಯಷ್ಟು ಹಸಿ ಮಾಂಸವಿತ್ತು. ಕಂದು ಕೋಳಿಗಳ ಕೊಕ್ಕುಗಳು ಕೆಂಪಾಗಿದ್ದವು. ಅವು ಇನ್ನೂ ಬುಟ್ಟಿಯ ಸುತ್ತ ಸುತ್ತುತ್ತಿದ್ದವು.

"ಕಾಲಿಗೆ ಏನಮ್ಮಿ ಮೆತ್ತಿದ್ದೆ?"

"ಅರಿಶಿನ, ಸುಣ್ಣ."

ಅತ್ತೆ ಬುಟ್ಟಿಯ ಹತ್ತಿರ ಬಂದ ಕಂದು ಕೋಳಿಯನ್ನು ಪೊರಕೆಯಿಂದ ಅಟ್ಟಿದರು.

"ಕೆಂಪು ಕಂಡ್ರೆ ಕೋಳಿ ಬುಡ್ತಾವಾ? ಗಾಯ ಅಂದ್ಕಂಡು ಕಿತ್ತು ಗಾಯಾನೇ ಮಾಡ್ತಾವೆ. ನನ್ ಡಬ್ಬೀಲಿ ಸುಣ್ಣ ಕಮ್ಮಿಯಾದಾಗ್ಲೇ ಕೇಳ್ಬೇಕಿತ್ತು ನಾನು. ಮಾತ್ ಬುಟ್ಟಿದ್ದೀಯಲ್ಲ ಅಂತ ಸುಮ್ಕಾದೆ."

"ಯಾವಾಗ ನೋಡಿದ್ರಿ?"

"ಹನ್ನೊಂದು ಗಂಟೇಲಿ ಕೂಗ್ತಿತ್ತು. ಇತ್ತ ಬರಬ್ಯಾಡಿ ಅಂದಿದ್ದೆಯಲ್ಲ ನೀನು. ಒಸಿ ಹೊತ್ತು ಕಿಟಕೀಲೇ ನಿಂತಿದ್ದೆ." ಆಮೇಲೆ ಬುಟ್ಟಿಯ ಮೇಲೆ ಬೆರಳು ತಟ್ಟುತ್ತಾ, "ಬಂದಾಗ್ಲೇ ಕತ್ತು ತಿರುವ್ಬುಡವಾ ಅಂದ್ಕಂಡೆ. ನಿನ್ ಪುಸ್ತಕಕ್ಕೆ ಲೆಕ್ಕ ತಪ್ಪೋಯ್ತದೆ ಅಂತ ಬುಟ್ಟೆ," ಎಂದರು.

ಕಿಟಕಿಯಲ್ಲಿ ಎಷ್ಟು ಹೊತ್ತು ನಿಂತಿದ್ದರೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

"ಈಗ್ಲಾದ್ರೂ ಕೊಡಮ್ಮಿ. ಅಂಗಲಾಚ್ತೀನಿ."

"ಇನ್ನು ಹದಿನೇಳು ದಿನ ಅಷ್ಟೇ ಇರೋದು ಅತ್ತೆ."

"ಯಾರ್ಗೆ ಹದಿನೇಳು ದಿನ?"

ನಾನು ಕೋಳಿಯನ್ನು ಶೆಡ್ಡಿಗೆ ಎತ್ತಿಕೊಂಡು ಹೋದೆ.

ಆ ಹದಿನೇಳು ದಿನ ನಾನು ಮಾಡಿದ್ದೆಲ್ಲವೂ ಡೈರಿಯಲ್ಲಿದೆ, ಗಂಟೆ ಸಮೇತ. ಕೋಳಿ ತಾನಾಗಿ ತಿನ್ನುವುದನ್ನು ಬಿಟ್ಟಿತ್ತು. ಸೂಜಿಯಿಲ್ಲದ ಸಿರಿಂಜಿನಲ್ಲಿ ಬೇಳೆಯ ನೀರನ್ನು ದಿನಕ್ಕೆ ಆರು ಸಲ ಗಂಟಲಿಗೆ ಬಿಡುತ್ತಿದ್ದೆ. ಕೊಕ್ಕು ತೆರೆಯಲು ಎಡಗೈಯ ಎರಡು ಬೆರಳು ಸಾಕು ಎಂದು ಕಲಿತುಕೊಂಡೆ. ಗಾಯದ ಪಟ್ಟಿ ಬಿಚ್ಚುವಾಗ ಅಂಟಿದ ಚರ್ಮವೂ ಬರುತ್ತಿತ್ತು. ಆಗೆಲ್ಲ ಅದರ ಗಂಟಲಿನಿಂದ ಬರುತ್ತಿದ್ದ ಸದ್ದಿಗೆ ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಶೆಡ್ಡಿನಲ್ಲಿ ವಾಸನೆ ಶುರುವಾಯಿತು. ಮೂವತ್ತನೆಯ ದಿನ ಅಕ್ಕ ಬಾಗಿಲವರೆಗೆ ಬಂದು ಮೂಗು ಮುಚ್ಚಿಕೊಂಡು ನಿಂತಳು.

"ಸಾಕು ಕಣೇ. ಪ್ಲೀಸ್. ಪಕ್ಕದ್ಮನೆ ಆಂಟಿಗೆ ಫೋನ್ ಮಾಡಿ ಹೇಳಿಬಿಡು."

"ಅವರು ನೋಡ್ಬೇಕು ಅಂದಿದ್ದಾರೆ."

"ಇದನ್ನಾ? ಇದನ್ನ ನೋಡ್ಬೇಕು ಅಂದಿದ್ರಾ?"

"ನಿಮ್ಮತ್ತೆ ಹೇಳಿ ಕಳಿಸಿದ್ರಾ ನಿನ್ನ?"

"ಥೂ, ನಿನ್ನ," ಎಂದು ಅಕ್ಕ ಹೋದಳು. ನಾನು ಅವತ್ತು ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಶುರು ಮಾಡಿದೆ.

ಮೂವತ್ತಾರನೆಯ ದಿನ, ಕೊನೆಯ ಭಾನುವಾರದ ಫೋನಿನಲ್ಲಿ, ಪಕ್ಕದಮನೆಯಾಕೆ ಅಂಕಿಗಳನ್ನು ಕೇಳಿಸಿಕೊಳ್ಳದೆ ನೇರವಾಗಿ ಕೇಳಿದರು. "ಅವಳು ನಿಲ್ಲುತ್ತಾಳಾ?"

ಅವತ್ತು ಬೆಳಿಗ್ಗೆ ನಾನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿ ಬಿಟ್ಟಾಗ ನಾಲ್ಕು ಸೆಕೆಂಡು ನಿಂತಿತ್ತು.

"ನಿಲ್ಲುತ್ತಾಳೆ," ಎಂದೆ.

"ನನ್ನ ಮುದುಕಿ," ಎಂದು ಆಕೆ ಆ ಕಡೆ ನಕ್ಕರು. "ನಾನೂ ಈಗ ನಿಲ್ಲುತ್ತೇನೆ. ಇಬ್ಬರೂ ಒಟ್ಟಿಗೆ ನಿಲ್ಲುತ್ತೇವೆ ಹಾಗಾದರೆ."

ಏಪ್ರಿಲ್ ಹನ್ನೆರಡು, ಶನಿವಾರ, ನಲವತ್ತೆರಡನೆಯ ದಿನ. ಕೋಳಿ ಬದುಕಿತ್ತು. ತೂಕ ಎಂಟುನೂರ ತೊಂಬತ್ತು ಗ್ರಾಂ. ಹತ್ತೂವರೆಗೆ ಟ್ಯಾಕ್ಸಿ ಬಂತು. ಪಕ್ಕದಮನೆಯಾಕೆ ಚಕ್ರದ ಊರುಗೋಲು ತಳ್ಳಿಕೊಂಡು ಮನೆಯೊಳಗೂ ಹೋಗದೆ ಹಿಂದಿನ ಓಣಿಯಿಂದ ನೇರ ಹಿತ್ತಲಿಗೆ ಬಂದರು. ಅಕ್ಕ ಬಿಸಿ ಕಾಫಿಯ ಫ್ಲಾಸ್ಕ್ ಹಿಡಿದು ಬಂದಳು. ಅತ್ತೆ ಬೇಲಿಯ ಆಚೆಯೇ ನಿಂತರು. ನಾನು ಬೆಳಿಗ್ಗೆಯೇ ಹೊಸ ಪಟ್ಟಿ ಕಟ್ಟಿ, ಕೋಳಿಯನ್ನು ತೊಳೆದ ಟವಲಿನಲ್ಲಿ ಸುತ್ತಿ, ತಲೆಯಷ್ಟೇ ಕಾಣುವಂತೆ ಇಟ್ಟಿದ್ದೆ. ಹಾಗೆಯೇ ತಂದು ಆಕೆಯ ಮಡಿಲಿಗೆ ಕೊಟ್ಟೆ. ಆಕೆ ಹಿತ್ತಲ ಕುರ್ಚಿಯಲ್ಲಿ ಕೂತು ಅದರ ಜುಟ್ಟಿನ ಮೇಲೆ ಬೆರಳಾಡಿಸಿದರು. ಏನೋ ಪಿಸುಗುಟ್ಟಿದರು. ಆಮೇಲೆ ಮೂಗಿಗೆ ವಾಸನೆ ಬಡಿದಿರಬೇಕು, ಟವಲು ಬಿಚ್ಚಿದರು. ಪಟ್ಟಿ ಬಿಚ್ಚಿದರು.

ನಾನು ಡೈರಿ ತೆರೆದೆ. "ಇಪ್ಪತ್ತೈದನೆಯ ದಿನ ಬೆಳಿಗ್ಗೆ..."

"ಓದಬೇಡ," ಎಂದರು. "ಎಷ್ಟು ದಿನದಿಂದ ಹೀಗಿದ್ದಾಳೆ?"

"ಹದಿನೇಳು."

ಆಕೆ ತಮ್ಮ ಕೈಗಳನ್ನು ನೋಡಿಕೊಂಡರು. ಆರು ವಾರದಲ್ಲಿ ಅವುಗಳ ಕಸುವು ಹೋಗಿತ್ತು. ಕೋಳಿಯ ಕುತ್ತಿಗೆಗೆ ಕೈ ಹಾಕಿ, ಹಿಡಿತ ಸಿಗದೆ ತೆಗೆದರು. ಮತ್ತೊಮ್ಮೆ ಹಾಕಿ ಮತ್ತೊಮ್ಮೆ ತೆಗೆದರು. ಆಮೇಲೆ ಬೇಲಿಯ ಆಚೆ ನಿಂತಿದ್ದ ಅತ್ತೆಯ ಕಡೆ ನೋಡಿದರು. ಇಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ. ಅತ್ತೆ ಓಣಿಯಿಂದ ಸುತ್ತಿ ಬಂದು, ಸ್ವೆಟರಿನ ತೋಳು ಮೇಲೇರಿಸಿ, ಸೆರಗು ಸಿಕ್ಕಿಸಿಕೊಂಡು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಕಾಲ್ ಹಿಡ್ಕಳಮ್ಮಿ," ಎಂದು ನನಗೆ ಹೇಳಿದರು.

"ನನ್ ಕೈಲಿ ಆಗಲ್ಲ ಅತ್ತೆ. ಅಕ್ಕ ಹಿಡ್ಕೊಳ್ಳಿ."

"ಹದಿನೇಳ್ ದಿನ ಕೈಲಾಯ್ತು, ಈಗೊಂದ್ ಚಣ ಆಗಲ್ವಾ? ಹಿಡ್ಕೋ!"

ಹಿಡಿದುಕೊಂಡೆ. ಒಂದು ಕಾಲು ತಣ್ಣಗಿತ್ತು, ಇನ್ನೊಂದು ಕಾದ ಹಂಚಿನಂತಿತ್ತು. ಪಕ್ಕದಮನೆಯಾಕೆ ಕೋಳಿಯ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದರು. ಅತ್ತೆಯ ಕೈ ಒಂದು ಸಲ ಮಾತ್ರ ತಿರುಗಿತು. ನನ್ನ ಮುಷ್ಟಿಯೊಳಗೆ ಎರಡೂ ಕಾಲು ಜೋರಾಗಿ ಒದ್ದವು. ಆರು ವಾರದಲ್ಲಿ ಆ ಕೆಟ್ಟ ಕಾಲು ಅಷ್ಟು ಬಲವಾಗಿ ಚಾಚಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನಿಂತಿತು.

ಗುಂಡಿ ತೋಡಿದ್ದು ನಾನು. ಗುದ್ದಲಿ ಮಣ್ಣಿಗೆ ಬಿದ್ದ ಸದ್ದಿಗೆ ಮೂರೂ ಕಂದು ಕೋಳಿಗಳು ಓಡಿಬಂದು ಗುಂಡಿಯೊಳಗೇ ಇಳಿದು ಎರೆಹುಳು ಹೆಕ್ಕತೊಡಗಿದವು. ಸತ್ತ ಕೋಳಿಯನ್ನು ಇಳಿಸಲು ಅತ್ತೆ ಅವನ್ನು ಕಾಲಿನಿಂದ ಅತ್ತ ತಳ್ಳಬೇಕಾಯಿತು.

ಮಣ್ಣು ಮುಚ್ಚಿದ ಮೇಲೆ ಪಕ್ಕದಮನೆಯಾಕೆ ನನ್ನನ್ನು ಹತ್ತಿರ ಕರೆದರು. ಕಣ್ಣು ಒರೆಸಿಕೊಂಡಿರಲಿಲ್ಲ, ದನಿ ಮಾತ್ರ ಗಟ್ಟಿಯಾಗಿತ್ತು.

"ಕಾಯಬೇಡ ಅಂದಿದ್ದೆ ನಾನು. ನೋವಾದರೆ ಫೋನ್ ಮಾಡು ಅಂದಿದ್ದೆ, ಇದೇ ಜಾಗದಲ್ಲಿ. ಯಾಕೆ ಕಾದೆ?"

ನಾನು ನೆಲ ನೋಡಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಆಕೆಯ ಹುಬ್ಬು ಸಡಿಲವಾಯಿತು. ಏನೋ ಹೊಳೆದವರಂತೆ ಮೆಲ್ಲಗೆ ಕೇಳಿದರು.

"ನಿನಗೆ ಅರ್ಥವಾಗಲಿಲ್ಲವಾ ಅವತ್ತು?"

"ಇಲ್ಲ," ಎಂದೆ. "ಅರ್ಥವಾಗಲಿಲ್ಲ. ಬರುವವರೆಗೆ ಇರಲಿ ಅನ್ನುವುದಷ್ಟೇ ಅರ್ಥವಾಯಿತು."

ಬೇಕೆಂದೇ ಆ ಡಚ್ ವಾಕ್ಯದಲ್ಲಿ ಎರಡು ತಪ್ಪು ಮಾಡಿ ಹೇಳಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದರು.

"ಅಯ್ಯೋ ಮಗೂ. ಹಾಗಾದರೆ ಇದು ನನ್ನ ತಪ್ಪು. ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಬರೆದು ಕೊಡಬೇಕಿತ್ತು. ಹಠ ಹಿಡಿದು ನನ್ನ ಭಾಷೆಯಲ್ಲೇ ಮಾತಾಡಿದೆ ನಾನು. ಅವಳಿಗೆ ಹೀಗೆ ಮಾಡಿದ್ದು ನಾನೇ." ನನ್ನ ಮಣ್ಣಾದ ಕೈಗಳನ್ನು ಹಿಡಿದುಕೊಂಡು ಅಳಲು ಶುರು ಮಾಡಿದರು.

ಅಕ್ಕ ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದಳು. ನನ್ನ ಡಚ್ ಪರೀಕ್ಷೆಯ ಫಲಿತಾಂಶ ಬಂದ ದಿನ ಪಾಯಸ ಮಾಡಿದವಳು ಅವಳು. ನನ್ನನ್ನು ನೋಡಿದಳು, ಆಕೆಯನ್ನು ನೋಡಿದಳು, ಕಾಫಿ ಬಗ್ಗಿಸಿ ಕೊಟ್ಟಳು. ಮನೆಗೆ ಬಂದ ಮೇಲೆ ಅತ್ತೆ ಆಯಮ್ಮ ಯಾಕೆ ಅಷ್ಟು ಅತ್ತಳೆಂದು ಕೇಳಿದರು. ಅಕ್ಕ ಒಂದೊಂದನ್ನೂ ಕನ್ನಡದಲ್ಲಿ ಹೇಳಿದಳು. ಅತ್ತೆ ಸೊಂಟದ ಚೀಲದಿಂದ ಅಡಿಕೆ ತೆಗೆದವರು ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡರು.

"ಆಯಮ್ಮನ ತಲೆ ಮೇಲೇ ಎತ್ ಹಾಕ್ಬುಟ್ಟಲ್ಲಮ್ಮಿ. ನಾನಾದ್ರೂ ಕತ್ತು ತಿರುವಿದ್ದು ಕೋಳೀದು."

ನಾನು ಮೇಲಕ್ಕೆ ಹೋದೆ. ಸತ್ಯ ಹೇಳಲು ಅವತ್ತು ಸಂಜೆ ಒಂದು ಸಲ, ಮರುದಿನ ಎರಡು ಸಲ ಓಣಿಯವರೆಗೆ ಹೋಗಿ ಬಂದೆ. ಬೇಸಿಗೆಯ ಹೊತ್ತಿಗೆ ಹೋಗುವುದನ್ನು ಬಿಟ್ಟೆ. ಅತ್ತೆ ಮೇ ಕೊನೆಯಲ್ಲಿ ಊರಿ‍ಗೆ ಹೊರಟರು. ಹೊರಡುವಾಗ ಬೇಲಿಯ ಹತ್ತಿರ ಹೋಗಿ ಪಕ್ಕದಮನೆಯಾಕೆಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಕನ್ನಡದಲ್ಲಿ ಏನೇನೋ ಹೇಳಿದರು. ಆಕೆ ತಲೆಯಾಡಿಸುತ್ತಾ ಡಚ್ಚಿನಲ್ಲಿ ಉತ್ತರಿಸಿದರು.

ನನ್ನ ಜೊತೆ ಆಕೆ ಮತ್ತೆಂದೂ ಡಚ್ ಮಾತಾಡಿಲ್ಲ. ಬೆಳಿಗ್ಗೆ ನಾನು ಸೈಕಲ್ ತೆಗೆಯುವಾಗ ಬೇಲಿಯ ಹತ್ತಿರ ಬಂದು, ತಮಗೆ ಬರುವ ಮೂವತ್ತು ನಲವತ್ತು ಇಂಗ್ಲಿಷ್ ಪದಗಳಲ್ಲಿ, ಒಂದೊಂದನ್ನೂ ಬಿಡಿಸಿ, ಕೈಸನ್ನೆ ಸೇರಿಸಿ, ನಾನು ತಪ್ಪು ತಿಳಿಯದಂತೆ ನಿಧಾನವಾಗಿ ಹೇಳುತ್ತಾರೆ. "ಟುಡೇ. ರೇನ್. ಯೂ, ಜಾಕೆಟ್. ಯೆಸ್?" ಹೇಳಿಯಾದ ಮೇಲೆ ನನಗೆ ಅರ್ಥವಾಯಿತೋ ಇಲ್ಲವೋ ಎಂದು ನನ್ನ ಮುಖವನ್ನು ಆತಂಕದಿಂದ ನೋಡುತ್ತಾ ನಿಲ್ಲುತ್ತಾರೆ. ನಾನೂ ಅಷ್ಟೇ ನಿಧಾನವಾಗಿ ಯೆಸ್ ಎನ್ನುತ್ತೇನೆ.